ತಾಯಿಯ ಪರವಾಗಿ ಮೈದುನ ಆಡಿದ ಮಾತು

ಬಟ್ಟೆ ಹೊಲಿಯುವ ಆ ತಾಯಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಗಂಡ ಬೇರೆಯಾಗಿದ್ದಾನೆ. ಕೇಸು ಮುಗಿಯುವವರೆಗೆ ಐದು ವರ್ಷದ ಮಗಳು ಯಾರ ಬಳಿ ಇರಬೇಕೆಂದು ಕೋರ್ಟು ಅಂದು ಹೇಳಬೇಕಿತ್ತು. ಹಿಂದಿನ ಸಲ ಅವಳ ಕೈಸನ್ನೆಯನ್ನು ಬಿಡಿಸಿ ಹೇಳಿದವನು ಗಂಡನ ತಮ್ಮ. "ಮಗು ನಮ್ಮನೇಲೇ ಇರ್ಲಿ ಅಂತಾಳೆ" ಎಂದಿದ್ದ. ಹಾಗೆಂದೇ ದಾಖಲಾಗಿತ್ತು.

ಕಲಾಪಕ್ಕೆ ಮೊದಲು ಕೋರ್ಟಿನ ಆಡಳಿತಾಧಿಕಾರಿ ಕಂಪ್ಯೂಟರ್ ಮುಂದೆ ಕೂತು ಏನೋ ಹುಡುಕುತ್ತಿದ್ದರು. ಕಡತಕ್ಕೆ ದಾರ ಕಟ್ಟುತ್ತಿದ್ದ ಶಿರಸ್ತೇದಾರರಿಗೆ ತಾಳ್ಮೆ ಕೆಟ್ಟಿತು.

"ಬಿಡಿಸಿ ಹೇಳೋಕೆ ಮೈದುನ ಬಂದಿದಾನಲ್ಲಮ್ಮ. ಇನ್ನೇನು ಹುಡುಕಾಟ?"

"ಅವನು ಎದುರು ಪಾರ್ಟಿ ಕಡೆಯೋನು, ಅಣ್ಣ. ಇಲ್ಲಿ ನೋಡಿ, ನಮ್ಮ ರಾಜ್ಯದ ಕೋರ್ಟುಗಳ ವೆಬ್‌ಸೈಟಲ್ಲಿ ಜಡ್ಜ್‌ಗಳಿಗೆ, ನಮ್ಮಂಥೋರಿಗೆ ಅಂತಾನೇ ಪುಟಗಳಿವೆ. ಕಿವಿ ಕೇಳದೋರು ಬಂದ್ರೆ ಏನು ಮಾಡ್ಬೇಕು, ಸನ್ನೆ ಭಾಷೆ ಕಲಿತೋರು ಎಲ್ಲಿ ಸಿಗ್ತಾರೆ, ಫೋನ್ ನಂಬರ್ ಸಮೇತ ಇದೆ. ಸಂಬಂಧಿಕರ ಕೈಲಿ ಹೇಳಿಸಬೇಡಿ ಅಂತ ಮೊದಲನೇ ಸಾಲಲ್ಲೇ ಇದೆ."

"ಆ ಡಬ್ಬಿಗೇನು ಗೊತ್ತು ನ್ಯಾಯ? ಇದೇ ಕುರ್ಚೀಲಿ ತಲೆ ಹಣ್ಣಾಗಿರೋನು ನಾನು."

"ಡಬ್ಬಿಗೆ ಗೊತ್ತಿಲ್ಲ. ಬರೆದಿರೋರು ಬೇರೆ ಕೋರ್ಟಿನ ಜಡ್ಜ್‌ಗಳು, ಶಿರಸ್ತೇದಾರರು. ಅವರ ತಲೇನೂ ಹಣ್ಣಾಗಿದೆ, ಅಣ್ಣ."

ಶಿರಸ್ತೇದಾರರು ಕಡತದ ದಾರ ಬಿಗಿದರು. "ಏನಾದ್ರೂ ಮಾಡ್ಕೋ. ಕೇಸು ಮುಂದಕ್ಕೆ ಹೋದ್ರೆ ಜಡ್ಜಮ್ಮಂಗೆ ನೀನೇ ಉತ್ತರ ಹೇಳು."

ಆಕೆ ಆ ಪುಟವನ್ನೇ ಜಡ್ಜಮ್ಮನಿಗೆ ತೋರಿಸಿದರು. ಅದರಲ್ಲಿ ನಂಬರಿದ್ದ ಸನ್ನೆ ಭಾಷೆಯ ದುಭಾಷಿಯೊಬ್ಬರು ವಿಡಿಯೊ ಕರೆಯಲ್ಲಿ ಸಿಕ್ಕರು. ಪರದೆಯನ್ನು ತಾಯಿಯ ಕಡೆ ತಿರುಗಿಸಿಟ್ಟರು.

ಮೈದುನ ಎದ್ದು ನಿಂತ. "ನಾನಿಲ್ವಾ ಮೇಡಂ? ಮನೆಯೋನು!"

"ಮನೆಯೋರು ಅಂತಾನೇ ಬೇಡ ಅಂತಿರೋದು, ಕೂತ್ಕೊಳ್ಳಿ," ಎಂದರು ಜಡ್ಜಮ್ಮ.

ಪರದೆಯ ಮೇಲಿನ ಹೆಂಗಸು ಕೈಸನ್ನೆಯಲ್ಲೇ ಪ್ರಶ್ನೆ ಕೇಳಿದ್ದು ಕಂಡು ತಾಯಿ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ ಆ ಕೈಗಳು ನಿಲ್ಲಲೇ ಇಲ್ಲ. ದುಭಾಷಿ ಒಂದೊಂದಾಗಿ ಹೇಳಿದರು: "ನಂಗೆ ಆಪರೇಷನ್ ಆದಾಗ ಮಾತ್ರ ಮಗೂನ ಗಂಡನ ಮನೇಲಿ ಬಿಟ್ಟಿದ್ದೆ. ವಾಸಿಯಾದ ಮೇಲೆ ವಾಪಸ್ ಕೊಡಲಿಲ್ಲ. ಹೋದ ಸಲ ಇಲ್ಲೇ ನಿಂತು, ಇಲ್ಲ ಇಲ್ಲ ಅಂತ ತಲೆ ಆಡಿಸಿದೆ. ಯಾರೂ ನನ್ನ ಕಡೆ ನೋಡಲಿಲ್ಲ."

ಹಳೆಯ ಹೇಳಿಕೆಯನ್ನು ಜಡ್ಜಮ್ಮ ಬದಿಗಿಟ್ಟರು. ಹೊಸದನ್ನು ಬರೆಸಿದರು, ಗಂಡನನ್ನೂ ಕೇಳಿದರು. ತೀರ್ಪು ಬರುವವರೆಗೆ ಮಗು ತಾಯಿಯ ಬಳಿ ಇರಲಿ ಎಂದು ಆದೇಶವಾಯಿತು. ಹೊರಗೆ ಮಗಳು ಓಡಿ ಬಂದು ಪುಟ್ಟ ಬೆರಳುಗಳಲ್ಲಿ ಅಮ್ಮನನ್ನು ಏನೋ ಕೇಳಿದಳು. ಅದಕ್ಕೆ ದುಭಾಷಿ ಬೇಕಿರಲಿಲ್ಲ.

ಕೋಣೆ ಖಾಲಿಯಾದ ಮೇಲೂ ಶಿರಸ್ತೇದಾರರು ಕುರ್ಚಿ ಬಿಟ್ಟು ಏಳಲಿಲ್ಲ. "ಹೋದ ಸಲ ಅವಳು ತಲೆ ಆಡಿಸಿದ್ದು ನಾನೂ ನೋಡಿದ್ದೆ ಕಣಮ್ಮ," ಎಂದರು. ಕಂಪ್ಯೂಟರಿನ ಕಡೆ ತಿರುಗಿ, "ಆ ಪುಟ ತೆಗೆಯೋದು ಹೇಗೆ, ನಂಗೂ ತೋರಿಸು."

ನ್ಯಾಯಪೀಠದಲ್ಲಿ ಕೂರುವವರೇ, ಕೋರ್ಟಿನ ಕಚೇರಿ ನಡೆಸುವವರೇ, ನಿಮ್ಮ ಅನುಭವ ದೊಡ್ಡದು. ಆದರೆ ನೀವು ಕಾಣದ ಕೇಸನ್ನು ಇನ್ನೊಂದು ಊರಿನವರು ಕಂಡಿರುತ್ತಾರೆ, ಕಲಿತದ್ದನ್ನು ಬರೆದಿಟ್ಟಿರುತ್ತಾರೆ. ನಿಮ್ಮ ರಾಜ್ಯದ ನ್ಯಾಯಾಲಯಗಳ ಮಾಹಿತಿ ತಾಣವನ್ನು ಇಂದೇ ತೆರೆದು ನೋಡಿ. ಪುಟವನ್ನು ಯಾವಾಗ ತಿದ್ದಿದ್ದು ಎಂಬುದನ್ನೂ ಗಮನಿಸಿ. ಹಳೆಯ ನಂಬರಿಗೆ ಫೋನು ಮಾಡಿ ಫಲವಿಲ್ಲ. ನಾಳೆ ನಿಮ್ಮ ಮುಂದೆ ಯಾರೋ ಒಬ್ಬರು ಸುಮ್ಮನೆ ತಲೆ ಆಡಿಸುತ್ತಾ ನಿಂತಾಗ, ಎಲ್ಲಿ ಹುಡುಕಬೇಕೆಂದು ನಿಮಗೆ ಗೊತ್ತಿರಲಿ.