ಮಳೆಯಿಲ್ಲದ ಹತ್ತು ನಿಮಿಷ

ಮಗಳಿಗೆ ಏಳು ವರ್ಷವಿದ್ದಾಗ ಒಂದು ಮಾತು ಕೊಟ್ಟಿದ್ದೆ. "ಸಮುದ್ರದ ಮೇಲೆ ಎಷ್ಟು ಮಳೆ ಬೀಳತ್ತಮ್ಮ? ಅಲ್ಲಿ ಬಕೆಟ್ ಇಡೋರು ಯಾರು?" ಎಂದು ಕೇಳಿದ್ದಳು. "ಅಳೆದ ದಿನ ಮೊದಲು ನಿನಗೇ ಹೇಳ್ತೀನಿ, ಸರಿಯಾದ ಲೆಕ್ಕಾನೇ ಹೇಳ್ತೀನಿ" ಅಂದಿದ್ದೆ. ಈಗ ಅವಳು ನನಗಿಂತ ಎತ್ತರ. ಮಾತನ್ನು ಮಾತ್ರ ಮರೆತಿಲ್ಲ.

ಸಮುದ್ರದ ಮೇಲಿನ ಮಳೆ ಅಳೆಯಲು ಇವತ್ತು ಈ ಮಳೆಗಾಲದ ಕೊನೆಯ ವಿಮಾನ ಹಾರಾಟ. ಹಿಂದಿನವುಗಳ ಕಥೆ ಕೇಳಬೇಡಿ. ನಾವು ಹೋದಾಗ ಮಳೆ ಇರಲಿಲ್ಲ. ಮಳೆ ಬಂದಾಗ, ಮಳೆ ಬರುತ್ತಿದೆ ಎಂದೇ ವಿಮಾನ ಬಿಡಲಿಲ್ಲ. ಬೆಳಿಗ್ಗೆ ಮಗಳು ಹಲ್ಲುಜ್ಜುತ್ತಲೇ, "ಇವತ್ತಾದ್ರೂ ಹೇಳ್ತೀಯಾ, ಇಲ್ಲ ನನ್ನ ಮದುವೆ ದಿನ ಹೇಳ್ತೀಯಾ?" ಅಂದಳು.

ವಿಮಾನದ ಹೊಟ್ಟೆಗೆ ಎರಡು ಉಪಕರಣ ಕಟ್ಟಿದ್ದೇವೆ. ರೇಡಾರ್ ಒಂದು ಜಿಪುಣ. ಅದು ಕಳಿಸಿದ ರೇಡಿಯೋ ಅಲೆ ಜೋರು ಮಳೆಯೊಳಗೆ ತಾನೇ ಸೊರಗಿ ಹೋಗುತ್ತದೆ, ಅದಕ್ಕೇ ರೇಡಾರ್ ಮಳೆ ಕಡಿಮೆ ಎನ್ನುತ್ತದೆ. ಮೈಕ್ರೋವೇವ್ ಸಂವೇದಕ ಬಾಯಿಬಡುಕ. ಅದರ ಕಣ್ಣಿಗೆ ಸಮುದ್ರ ತಣ್ಣಗೆ, ಮಳೆ ಬೆಚ್ಚಗೆ. ಅಲೆಯ ನೊರೆಯೂ ಬೆಚ್ಚಗೇ ಕಂಡು ಅದನ್ನೂ ಮಳೆಗೆ ಸೇರಿಸಿಬಿಡುತ್ತದೆ. ಎರಡರ ಬಾಯಲ್ಲೂ ನಿಜ ಹೊರಡಿಸಬೇಕಾದರೆ ಪಕ್ಕದಲ್ಲೇ, ಅದೇ ಗಾಳಿ, ಅದೇ ಅಲೆ ಇರುವ, ಆದರೆ ಮಳೆಯಿಲ್ಲದ ಸಮುದ್ರದ ಮೇಲೆ ಹತ್ತು ನಿಮಿಷ ಹಾರಬೇಕು. ಅದಕ್ಕೆ ಹೋಲಿಸಿದರೆ ಯಾರ ಸುಳ್ಳು ಎಷ್ಟು ಎಂದು ಗೊತ್ತಾಗುತ್ತದೆ.

ಪೈಲಟ್ ತಲೆಗೆ ಇದು ಹತ್ತುವುದಿಲ್ಲ.

"ಮಳೆ ಅಳೆಯೋಕೆ ಬಂದು ಮಳೆ ಇಲ್ಲದ ಕಡೆ ಸುತ್ತೋದು ಯಾವ ನ್ಯಾಯ ಮೇಡಂ? ಮದುವೆಗೆ ಹೊರಟು ಪಕ್ಕದ ಬೀದೀಲಿ ಕೂತ ಹಾಗಾಯ್ತು."

"ಹತ್ತೇ ನಿಮಿಷ ಸಾರ್. ಇಂಧನ ಸಾಕು ಅಂತ ಬೆಳಿಗ್ಗೆ ನೀವೇ ಅಂದ್ರಲ್ಲ."

"ಬೆಳಿಗ್ಗೆ ಎದುರುಗಾಳಿ ಇತ್ತಾ? ಬರ್ತಾ ನೋಡೋಣ."

ಬರ್ತಾ ನೋಡೋಣ ಅಂದದ್ದು ಯಾವತ್ತು ತಾನೇ ಆಗಿದೆ? ಇವತ್ತು ಮಳೆಯೇನೋ ಸಿಕ್ಕಿತು; ಬರುವಾಗ ಇಂಧನದ ಮುಳ್ಳು ತೋರಿಸಿ ನೇರ ಮನೆ ದಾರಿ ಹಿಡಿದರು.

ಇಳಿದು ನೋಡಿದರೆ ರೇಡಾರ್ ಪ್ರಕಾರ ಗಂಟೆಗೆ ಒಂಬತ್ತು ಮಿಲಿಮೀಟರ್, ಸಂವೇದಕದ ಪ್ರಕಾರ ಇಪ್ಪತ್ತಮೂರು. ನಮ್ಮ ಸಂಸ್ಥೆಯ ನಿರ್ದೇಶಕರು ಕುರ್ಚಿಯಿಂದ ಏಳದೆಯೇ ಪರಿಹಾರ ಕೊಟ್ಟರು.

"ಕೂಡಿಸಿ ಅರ್ಧ ಮಾಡಮ್ಮ. ಹದಿನಾರು. ಮುಗೀತಲ್ಲ."

"ಸಾರ್, ಬಾವಿ ಪೂರ್ವಕ್ಕಿದೆ ಅಂತ ಒಬ್ಬ, ಪಶ್ಚಿಮಕ್ಕಿದೆ ಅಂತ ಒಬ್ಬ ಹೇಳಿದ್ರೆ, ಮಧ್ಯದಲ್ಲಿ ಬಿಂದಿಗೆ ಇಳಿಸಿದ್ರೆ ನೀರು ಸಿಗತ್ತಾ?"

"ಗಾದೆ ಎಲ್ಲ ಆಮೇಲೆ. ಮೇಲಿನವರಿಗೆ ಒಂದೇ ಅಂಕಿ ಬೇಕು."

"ಆ ಅಂಕಿ ನಮ್ಮ ಹತ್ರ ಇಲ್ಲ ಸಾರ್. ದಯವಿಟ್ಟು ಕೊಡಬೇಡಿ."

"ಆಯ್ತಾಯ್ತು, ನೀನು ಹೊರಡಮ್ಮ, ಸುಸ್ತಾಗಿದ್ದೀಯ."

ಹೊರಟೆ. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಮಗಳು ಮೊಬೈಲ್ ಹಿಡಿದು ಬಂದಳು.

"ಹದಿನಾರಂತೆ! ಸುದ್ದೀಲಿ ಎಲ್ಲರಿಗೂ ಬಂದುಬಿಟ್ಟಿದೆ, ನನಗೇ ಕೊನೆಗೆ. ಹೋಗ್ಲಿ, ಸರೀನಾ ಇದು?"

"ಅಲ್ಲ."

"ಮತ್ತೆ ಎಷ್ಟು?"

"ಗೊತ್ತಿಲ್ಲ ಪುಟ್ಟಿ."

ಮೊದಲು ಹೇಳಲಿಲ್ಲ, ಸರಿಯಾದದ್ದನ್ನೂ ಹೇಳಲಿಲ್ಲ. ಕೊಟ್ಟ ಮಾತು ತಪ್ಪಿದೆ.