ಕೊನೆಯ ಖಾನೆಯ ಉಬ್ಬು

ತಂಡದವರು ಹಳೆಯ ಕಂಪ್ಯೂಟರ್ ಪ್ರೋಗ್ರಾಮಿಗೆ ಅತ್ತೆ ಎಂದೂ, ಪರೀಕ್ಷೆಗೆ ಬಂದಿದ್ದ ಹೊಸದಕ್ಕೆ ಸೊಸೆ ಎಂದೂ ಹೆಸರಿಟ್ಟಿದ್ದರು. ಇಬ್ಬರಿಗೂ ಒಂದೇ ದತ್ತಾಂಶ ಕೊಟ್ಟು, ಸೊಸೆಯ ಕೈಗೆ ಕೆಲಸ ಒಪ್ಪಿಸಬಹುದೇ ಎಂದು ಹೇಳುವ ಹೊಣೆ ತಂಡದಲ್ಲಿ ಲೆಕ್ಕ ನೋಡುವ ಅವಳದು. ಭೌತಶಾಸ್ತ್ರದ ಆ ಪ್ರಯೋಗದಲ್ಲಿ ಹಲವು ಸಂಸ್ಥೆಗಳು ಕೈಜೋಡಿಸಿದ್ದವು; ಮಧ್ಯಾಹ್ನದ ಸಭೆಯಲ್ಲಿ ಎಲ್ಲರೂ ಅವಳ ಮಾತಿಗೆ ಕಾಯುತ್ತಿರುತ್ತಾರೆ. ಮಗಳಿಗೆ ಕೆಮ್ಮು ಎಂದು ಅವಳು ಮನೆಯಲ್ಲೇ ಉಳಿದಿದ್ದಳು. ಊಟದ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪು, ಇನ್ನೊಂದು ತುದಿಯಲ್ಲಿ ಮಡಚದ ಬಟ್ಟೆಯ ರಾಶಿ.

ಉಪಕರಣಕ್ಕೆ ಬಡಿದ ಕಣಗಳನ್ನು ಶಕ್ತಿಗೆ ತಕ್ಕಂತೆ ಖಾನೆಗಳಿಗೆ ಹಂಚಿ, ಯಾವ ಖಾನೆಯಲ್ಲಿ ಎಷ್ಟಿವೆ ಎಂದು ಗೆರೆ ಎಳೆದು ತೋರಿಸುವುದು ಪ್ರೋಗ್ರಾಮಿನ ಕೆಲಸ. ಅತ್ತೆಯ ಗೆರೆ ಕೊನೆಯವರೆಗೂ ಸಪಾಟು. ಸೊಸೆಯದೂ ಹಾಗೆಯೇ ಬಂದು, ಕೊನೆಯ ಖಾನೆಯಲ್ಲಿ ಮಾತ್ರ ಒಮ್ಮೆಲೇ ಉಬ್ಬಿತ್ತು.

ಹಾಗೆ ಉಬ್ಬಿದರೆ ಅಲ್ಲಿ ಹೊಸ ಕಣವೊಂದು ಇರಬಹುದು ಎಂದರ್ಥ. ಆದರೆ ಅಲ್ಲಿ ಅಂಥದ್ದೇನೂ ಇಲ್ಲ ಎಂದು ತಂಡ ಹೋದ ವರ್ಷವಷ್ಟೇ ಪ್ರಬಂಧ ಪ್ರಕಟಿಸಿತ್ತು. ಆ ಲೆಕ್ಕ ಮಾಡಿದವಳು ಅವಳೇ, ಅತ್ತೆಯನ್ನು ನಂಬಿ.

ಮುಖ್ಯಸ್ಥರಿಗೆ ಫೋನು ಹಚ್ಚಿ ಹೇಳಿದಳು, "ಸರ್, ಅತ್ತೆ ಇಷ್ಟು ವರ್ಷ ಏನೋ ಮುಚ್ಚಿಟ್ಟಿದಾಳೆ ಅನ್ಸುತ್ತೆ."

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಒದ್ದೆ ಕೈಯಲ್ಲೇ ಅವಳ ಅತ್ತೆ ಬಾಗಿಲಿಗೆ ಬಂದರು. "ನಾನೇನಮ್ಮಾ ಮುಚ್ಚಿಟ್ಟೆ?"

"ಅಯ್ಯೋ, ನೀವಲ್ಲ ಅತ್ತೆ! ಇದು ಆಫೀಸಿನ ಅತ್ತೆ."

"ಅಲ್ಲೂ ಒಬ್ಳು ಇದಾಳಾ? ಪಾಪ ಕಣೇ ನೀನು."

ಫೋನಿನಲ್ಲಿ ಮುಖ್ಯಸ್ಥರು ನಕ್ಕರು, ಆದರೆ ನಗು ಬೇಗ ಆರಿತು. "ಉಬ್ಬು ನಿಜವಾದ್ರೆ ಪ್ರಬಂಧ ವಾಪಸ್ ತಗೋಬೇಕಾಗುತ್ತಮ್ಮ. ಸಭೆಗೆ ಮುಂಚೆ ನೋಡಿ ಹೇಳು."

ಅವಳು ಎರಡೂ ಪ್ರೋಗ್ರಾಮುಗಳನ್ನು ಮತ್ತೆ ಓಡಿಸಿದಳು. ಬೇರೆ ತಿಂಗಳ ದತ್ತಾಂಶ ಹಾಕಿದಳು. ಉಬ್ಬು ಅಂಟು ಹಚ್ಚಿದಂತೆ ಅಲ್ಲೇ ಕೂತಿತ್ತು. ಕೈಗೆ ಕೆಲಸವಿರಲೆಂದು ಮಗಳ ಲಂಗ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

"ಕೆಮ್ಮು ಹೋಗೋವರ್ಗೂ ಹೊರಗೆ ಹೋಗ್ಬೇಡ ಅಂದಿದ್ನಲ್ಲೇ!" ಅತ್ತೆಯ ದನಿ ಮುಂಬಾಗಿಲ ಕಡೆಯಿಂದ ಕೇಳಿಸಿತು.

"ಹೋಗಿಲ್ಲ ಅಜ್ಜಿ. ಹೊಸ್ತಿಲ ಮೇಲೆ ಕೂತಿದೀನಿ."

"ಹೊಸ್ತಿಲು ಒಳಗೋ ಹೊರಗೋ?"

ಮಗಳು ಮೆಟ್ಟಿಲ ಮೇಲಿದ್ದ ಬೆಕ್ಕನ್ನೂ ಅಜ್ಜಿಯನ್ನೂ ನೋಡಿದಳು. "ನಿಂಗೆ ಒಳಗೆ. ಬೆಕ್ಕಿಗೆ ಹೊರಗೆ."

"ಬಾಯಿ ನೋಡು ಇವಳ್ದು!"

ಮೇಜಿನ ಬಳಿ ಅವಳ ಕೈಯಲ್ಲಿದ್ದ ಲಂಗ ಹಾಗೇ ನಿಂತಿತು. ಖಾನೆಗಳಿಗೂ ಗಡಿಗಳಿವೆ. ಉಪಕರಣವೋ ಶಕ್ತಿಯನ್ನು ಪೂರ್ಣಾಂಕಗಳಲ್ಲೇ ಕೊಡುತ್ತದೆ, ಗಡಿಗಳೂ ಪೂರ್ಣಾಂಕಗಳ ಮೇಲೆಯೇ ಇವೆ. ಹಾಗಾಗಿ ಸರಿಯಾಗಿ ಗಡಿಯ ಮೇಲೆಯೇ ಬಂದು ಕೂರುವ ಕಣಗಳು ಒಂದೆರಡಲ್ಲ, ರಾಶಿ ರಾಶಿ. ನಡುವಿನ ಗಡಿಗಳಲ್ಲಿ ಎರಡು ಪ್ರೋಗ್ರಾಮುಗಳೂ ಅವನ್ನು ಮುಂದಿನ ಖಾನೆಗೆ ದಾಟಿಸುತ್ತವೆ. ಕೊನೆಯ ಗಡಿಯಾಚೆ ಖಾನೆಯೇ ಇಲ್ಲವಲ್ಲ?

ಎದ್ದು ಹೋಗಿ ಎರಡರ ನಿಯಮಗಳನ್ನೂ ತೆರೆದು ನೋಡಿದಳು. ಕೊನೆಯ ಗಡಿಯ ಮೇಲೆ ಕೂತವರನ್ನು ಅತ್ತೆ ಹೊರಗಿನವರೆಂದು ಬಿಟ್ಟಿದ್ದಳು. ಸೊಸೆ ಅಷ್ಟೂ ಜನರನ್ನು ಒಳಗೆ ಕರೆದು ಕೊನೆಯ ಖಾನೆಯಲ್ಲಿ ಕೂರಿಸಿದ್ದಳು. ಖಾನೆ ಉಬ್ಬದೆ ಇನ್ನೇನು ಮಾಡೀತು!

ಗಡಿಗಳನ್ನೆಲ್ಲ ಅರ್ಧ ಅಂಕಿಯಷ್ಟು ಹಿಂದಕ್ಕೆ ಸರಿಸಿದಳು. ಇನ್ನು ಯಾವ ಕಣವೂ ಹೊಸ್ತಿಲ ಮೇಲೆ ಕೂರುವಂತಿಲ್ಲ. ಎರಡನ್ನೂ ಓಡಿಸಿದಳು. ಎರಡು ಗೆರೆಗಳೂ ಒಂದರ ಮೇಲೊಂದು ಕೂತು ಒಂದೇ ಆದವು. ಕೊನೆಯವರೆಗೂ ಸಪಾಟು.

ಅವಳು ಮುಖ್ಯಸ್ಥರಿಗೆ ಮತ್ತೆ ಫೋನು ಹಚ್ಚಿದಳು.

"ಸರ್, ಪ್ರಬಂಧ ಇದ್ದ ಹಾಗೇ ಇರ್ಲಿ. ಸೊಸೆನ ಒಪ್ಕೋಬಹುದು, ಆದ್ರೆ ಗಡಿ ಎಲ್ಲಿಡ್ಬೇಕು ಅಂತ ನಾವೇ ಹೇಳಿಕೊಡ್ಬೇಕು," ಎಂದು ನಡೆದದ್ದನ್ನೆಲ್ಲ ವಿವರಿಸಿದಳು.

ಆ ಕಡೆ ಕುರ್ಚಿ ಎಳೆದ ಸದ್ದು. "ಬೆಳಿಗ್ಗೆಯಿಂದ ನಿಂತೇ ಇದ್ದೆ ಕಣಮ್ಮ. ಈಗ ಕೂತೆ."

ಅವಳು ಫೋನಿಟ್ಟು ಮುಂಬಾಗಿಲಿಗೆ ಬಂದಳು. ಹೊಸ್ತಿಲ ಮೇಲೆ ಮಗಳು, ಮಗಳ ತೊಡೆಯ ಮೇಲೆ ಬೆಕ್ಕು. ಅತ್ತೆ ಸೋತು ಮೊಮ್ಮಗಳ ಕಿವಿಗೆ ಮಫ್ಲರ್ ಸುತ್ತುತ್ತಿದ್ದರು.

"ಏನಾಯ್ತೇ ನಿಮ್ಮ ಆಫೀಸಿನ ಅತ್ತೇದು?"

"ಏನೂ ಮುಚ್ಚಿಟ್ಟಿರ್ಲಿಲ್ಲ ಅತ್ತೆ."

"ನಂಗೊತ್ತಿತ್ತು," ಎಂದರು ಅತ್ತೆ, ಮಫ್ಲರಿನ ತುದಿ ಸಿಕ್ಕಿಸುತ್ತ.