ಜಲಪಾತದೂರಿನಲ್ಲಿ ನಾಲ್ಕು ದಿನ

ಥಂಡೆಕಿಲೆ ಉಳಿಯೋದಿಲ್ಲ ಅನ್ನುವ ಸುದ್ದಿ ನಮಗೆ ಸಿಕ್ಕಿದ್ದು ಜುಲೈ ಕೊನೆಯ ವಾರ. ಅವಳ ತಮ್ಮ ವುಸಾ, ಗಡಿಯಾಚೆಯಿಂದ ನಮ್ಮ ಫ್ರಾನ್ಸಿಸ್‌ಟೌನಿಗೆ ಬರುವ ಬಸ್ಸಿನ ಡ್ರೈವರನ ಹತ್ತಿರ ಹೇಳಿ ಕಳಿಸಿದ್ದ. ನೇರವಾಗಿ ಫೋನು ಮಾಡೋಣವೆಂದರೆ ಅವರ ಹತ್ತಿರ ನಮ್ಮ ನಂಬರ್ ಇರಲಿಲ್ಲ. ಎರಡು ವರ್ಷದ ಹಿಂದೆ ನಾನು ನಂಬರ್ ಬದಲಾಯಿಸಿದ್ದೆ, ಹೊಸದನ್ನು ಅವರಿಗೆ ಕೊಟ್ಟಿರಲಿಲ್ಲ. ಮರೆತುಹೋಯಿತು ಅಂತ ಗಂಡನಿಗೆ ಹೇಳಿದ್ದೆ. ಮರೆತಿರಲಿಲ್ಲ.

ಥಂಡೆಕಿಲೆ ಜಿಂಬಾಬ್ವೆಯವಳು. ಮೂರು ವರ್ಷ ನಮ್ಮ ಮನೆಯಲ್ಲಿ ಕೆಲಸಕ್ಕಿದ್ದಳು. ಆಗ ನನಗೂ ಮೊದೀಸೆಗೂ ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಅವಳು ಬಸುರಿಯಾದಳು. ಅವಳೂರಿನವನೇ ಒಬ್ಬ, ಇಲ್ಲಿ ರೈಲ್ವೆ ಕೆಲಸಕ್ಕೆ ಬಂದಿದ್ದವನು, ಮಗು ಹುಟ್ಟುವ ಮೊದಲೇ ಜೊಹಾನ್ಸ್‌ಬರ್ಗಿಗೆ ಹೋದವನು ಮತ್ತೆ ತಲೆ ಹಾಕಲಿಲ್ಲ. ಮಗು ನಮ್ಮ ಹಿತ್ತಿಲ ಕೋಣೆಯಲ್ಲೇ ಹುಟ್ಟಿತು. ಹತ್ತು ತಿಂಗಳಾದಾಗ ಥಂಡೆಕಿಲೆಯ ಪರವಾನಗಿ ಮುಗಿಯಿತು. "ಹೊಸದು ಮಾಡಿಸ್ಕೊಂಡು ಮೂರು ತಿಂಗಳಲ್ಲಿ ಬಂದ್ಬಿಡ್ತೀನಿ ಮ್ಮಾ, ಅಲ್ಲೀತನಕ ಇವಳನ್ನ ನೋಡ್ಕೊಳ್ಳಿ" ಅಂತ ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಪರವಾನಗಿ ಸಿಗಲಿಲ್ಲ. ಮೂರು ತಿಂಗಳು ವರ್ಷವಾಯಿತು, ವರ್ಷ ಎರಡಾಯಿತು. ಕೊನೆಗೆ ಅವಳೇ ಫೋನಿನಲ್ಲಿ ಹೇಳಿದಳು, "ಶಾಲೆಗೆ ಹಾಕ್ಬೇಕಲ್ಲ ಮ್ಮಾ, ನಿಮ್ಮ ಹೆಸರಲ್ಲೇ ಕಾಗದ ಮಾಡಿಸ್ಬಿಡಿ." ಮಾಡಿಸಿದೆವು. ಹುಡುಗಿ ಮಾಪುಲಾ ನಮ್ಮ ಮಗಳಾದಳು. ಆಮೇಲೆ ನನಗೆ ಪಾಕೊ ಹುಟ್ಟಿದ. ನಾನು ಇಬ್ಬರ ತಾಯಿ. ಹಾಗಂತ ಮನಸ್ಸಿಗೆ ಎಷ್ಟು ಗಟ್ಟಿಯಾಗಿ ಹೇಳಿಕೊಂಡಿದ್ದೆನೆಂದರೆ, ಥಂಡೆಕಿಲೆಯ ಫೋನು ಬಂದಾಗಲೆಲ್ಲ ಯಾರೋ ಬಾಗಿಲು ಬಡಿದ ಹಾಗೆ ಎದೆ ಹಾರುತ್ತಿತ್ತು.

ಡ್ರೈವರ್ ತಂದ ಸುದ್ದಿ ಇಷ್ಟೇ. ಗರ್ಭಕೋಶದ ಕ್ಯಾನ್ಸರ್. ಆಸ್ಪತ್ರೆಯವರು ಮನೆಗೆ ಕಳಿಸಿದ್ದಾರೆ. ಮಗಳನ್ನು ಒಂದು ಸಲ ನೋಡಬೇಕಂತೆ. ವಾಪಸ್ ಕೇಳೋದಿಲ್ಲ, ತಾನು ಯಾರು ಅಂತಲೂ ಹೇಳೋದಿಲ್ಲ. ಬರೀ ನೋಡಬೇಕಂತೆ.

ಮೊದೀಸೆ ಆ ಸಂಜೆಯೇ ತೀರ್ಮಾನ ಮಾಡಿದ. "ಆಗಸ್ಟ್‌ನಲ್ಲಿ ಹೇಗೂ ಶಾಲೆಗೆ ರಜೆ. ಮಕ್ಕಳನ್ನ ಜಲಪಾತ ನೋಡೋಕೆ ಕರ್ಕೊಂಡು ಹೋಗೋಣ. ಎಲ್ಲೂ ಕರ್ಕೊಂಡು ಹೋಗಿಲ್ಲ ನಾವು. ಅಲ್ಲಿಂದ ಅವಳ ಹಳ್ಳಿ ಎರಡು ಗಂಟೆ ದಾರಿ. ಒಂದು ದಿನ ಹೋಗಿ ಬಂದ್ಬಿಡೋಣ."

"ಮಾಪುಲಾಗೆ ಏನಂತ ಹೇಳೋದು?"

"ಹಿಂದೆ ನಮ್ಮನೇಲಿದ್ದ ಆಂಟಿ, ಹುಷಾರಿಲ್ಲ, ನೋಡ್ಕೊಂಡು ಬರೋಣ ಅಂತ. ಸುಳ್ಳೇನಲ್ವಲ್ಲ."

ಶನಿವಾರ ಬೆಳಿಗ್ಗೆ ಹೊರಟೆವು. ಮಕ್ಕಳಿಗೆ ದೇಶದ ಆಚೆಗಿನ ಮೊದಲ ಪ್ರಯಾಣ. ಏಳು ವರ್ಷದ ಮಾಪುಲಾ ಪಾಸ್‌ಪೋರ್ಟನ್ನು ಕೈಯಿಂದ ಬಿಡಲೇ ಇಲ್ಲ. ನಾಲ್ಕು ವರ್ಷದ ಪಾಕೊ ದಾರಿಯುದ್ದಕ್ಕೂ ಮಗ್ವಿನ್ಯಾ, ಮೈದಾಹಿಟ್ಟಿನ ಕರಿದ ಉಂಡೆ, ತಿಂದು ಸೀಟಿಗೆಲ್ಲ ಎಣ್ಣೆ ಮೆತ್ತಿದ. ರಸ್ತೆಯಲ್ಲಿ ಅಡ್ಡ ನಿಂತ ಆನೆಗಾಗಿ ಅರ್ಧ ಗಂಟೆ ಕಾದೆವು. ಗಡಿಯ ಅಧಿಕಾರಿ ಮಾಪುಲಾಳ ಪುಸ್ತಕಕ್ಕೆ ಮುದ್ರೆ ಒತ್ತಿ, "ಅಮ್ಮನ ಥರಾನೇ ಇದ್ದೀಯಲ್ಲ" ಅಂದ. ಆ ಮಾತಿನ ಖುಷಿ ನನಗೆ ಇಡೀ ದಿನಕ್ಕೆ ಸಾಕಾಯಿತು.

ಹೋಟೆಲಿಗೆ ಬಂದ ಕೂಡಲೇ ಮೊದೀಸೆ ಅಲ್ಲಿನ ಫೋನಿಂದ ವುಸಾನಿಗೆ ಮಾತಾಡಿದ. "ಬಂದಿದ್ದೀವಿ. ನಾಳೆ ಮಕ್ಕಳು ಜಲಪಾತ ನೋಡ್ಲಿ, ಸೋಮವಾರ ಬೆಳಿಗ್ಗೆ ನಿಮ್ಮಲ್ಲಿರ್ತೀವಿ." ಆ ಕಡೆಯಿಂದ ಯಾರೋ ಹೆಂಗಸು ಸಂತೋಷಕ್ಕೆ ಕೇಕೆ ಹಾಕಿದ್ದು ನನಗೂ ಕೇಳಿಸಿತು.

ಭಾನುವಾರ ಜಲಪಾತ. ಬಾಡಿಗೆ ಮಳೆಕೋಟು ಮಕ್ಕಳ ಪಾದದವರೆಗೂ ಇಳಿದಿತ್ತು. ನೀರಿನ ಸದ್ದಿಗೆ ಪಾಕೊ ಹೆದರಿ ಅಪ್ಪನ ಕುತ್ತಿಗೆಗೆ ನೇತುಬಿದ್ದ. ಮಾಪುಲಾ ಮಾತ್ರ ಕೋಟಿನ ಟೋಪಿ ತೆಗೆದು, ಬಾಯಿ ತೆರೆದು ತುಂತುರು ಕುಡಿಯುತ್ತ ನಿಂತಳು. ಹಾಗೆ ತಲೆ ಹಿಂದಕ್ಕೆ ಹಾಕಿ, ಕಣ್ಣು ಮುಚ್ಚಿ ನಿಂತಾಗ ಅವಳು ಥಂಡೆಕಿಲೆಯೇ. ಬಟ್ಟೆ ಒಣಹಾಕುವಾಗ ಮಳೆ ಬಂದರೆ ಅವಳೂ ಓಡದೆ ಹೀಗೇ ನಿಲ್ಲುತ್ತಿದ್ದಳು. ಹೋಗಿ ಟೋಪಿಯನ್ನು ಮತ್ತೆ ಅವಳ ತಲೆಗೆ ಎಳೆದೆ. ನೋಡುವವರು ಯಾರಾದರೂ ಒಂದು ಕ್ಷಣದಲ್ಲಿ ಕಂಡುಹಿಡಿಯುತ್ತಾರೆ. ಆ ಹಳ್ಳಿಯಲ್ಲಿ ಹತ್ತು ಹೆಂಗಸರು ಸುತ್ತ ಕೂತಿರುತ್ತಾರೆ. ಒಬ್ಬಳು ಬಾಯಿ ತಪ್ಪಿ ಅಂದರೆ ಮುಗಿಯಿತು.

ಸೋಮವಾರ ಬೆಳಿಗ್ಗೆ ಪಾಕೊ ಎರಡು ಸಲ ಕೆಮ್ಮಿದ. ನನಗೆ ಅಷ್ಟು ಸಾಕಿತ್ತು.

"ನಿನ್ನೆ ನೆನೆದಿದ್ದಕ್ಕೆ ಎದೆ ಕಟ್ಟಿದೆ. ಈ ಧೂಳಿನ ದಾರೀಲಿ ಕರ್ಕೊಂಡು ಹೋಗೋದು ಬೇಡ. ನಾಳೆ ಹೋಗೋಣ."

ಮೊದೀಸೆ ಮಗನ ಹಣೆ ಮುಟ್ಟಿ ನೋಡಿ, ನಾಳೆ ಬರ್ತೀವಿ ಅಂತ ವುಸಾನಿಗೆ ಫೋನು ಮಾಡಿದ. ಮಧ್ಯಾಹ್ನ ಕೆಮ್ಮು ಇರಲಿಲ್ಲ. ದೋಣಿಯಲ್ಲಿ ಹೋಗಿ ನೀರಾನೆಗಳನ್ನು ನೋಡಿ ಬಂದೆವು.

ಮಂಗಳವಾರ ಮೊಸಳೆ ಸಾಕುವ ಜಾಗಕ್ಕೆ ಹೋಗೋಣವೆಂದು ತಿಂಡಿಯ ಹೊತ್ತಿಗೆ ನಾನೇ ಮಕ್ಕಳ ಮುಂದೆ ಅಂದೆ. ಬೇಕೆಂದೇ ಅವರ ಮುಂದೆ ಅಂದೆ. ಇಬ್ಬರೂ ಕುರ್ಚಿಯ ಮೇಲೆ ಹತ್ತಿ ಕುಣಿದರು. ಮೊದೀಸೆ ಚಮಚ ಕೆಳಗಿಟ್ಟ.

"ಹಳ್ಳಿಗೆ?"

"ನಾಳೆ. ಒಂದು ದಿನದಲ್ಲಿ ಏನಾಗ್ಬಿಡುತ್ತೆ?"

ಅವನು ಮತ್ತೆ ಫೋನಿಗೆ ಎದ್ದು ಹೋದ. ತಿರುಗಿ ಬಂದಾಗ ಮುಖ ಗಂಟಿಕ್ಕಿತ್ತು. "ವುಸಾ ಜಾಸ್ತಿ ಮಾತಾಡ್ಲಿಲ್ಲ. ಸರಿ ಅಂದ, ಅಷ್ಟೇ."

ಮೊಸಳೆ ಮರಿಯನ್ನು ಕೈಯಲ್ಲಿ ಹಿಡಿಯಲು ಕೊಟ್ಟರು. ಮಾಪುಲಾ ಹಿಡಿದಳು. ಪಾಕೊ ದೂರದಿಂದಲೇ, "ಅಕ್ಕಾ, ಅದು ನಿನ್ನ ಮೂಗು ತಿನ್ನುತ್ತೆ ನೋಡು" ಅಂತ ಹೆದರಿಸಿದ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಬುಧವಾರ ಮೊದೀಸೆ ಮಕ್ಕಳು ಏಳುವ ಮೊದಲೇ ಕಾರಿಗೆ ಪೆಟ್ರೋಲು ತುಂಬಿಸಿ ಬಂದಿದ್ದ. ನಾನು ಹಾಸಿಗೆಯಲ್ಲೇ ಕೂತು, ಉಗಿಬಂಡಿಗೆ ಸೀಟು ಹಿಡಿದಾಗಿದೆ ಅಂದೆ. ಹಳೆಯ ಕಾಲದ ರೈಲು, ಸೇತುವೆಯವರೆಗೆ ಹೋಗಿ ಬರುತ್ತೆ. ಹಿಂದಿನ ಸಂಜೆ ಅವನಿಗೆ ಹೇಳದೆ ನಾನೇ ಹೋಗಿ ಹಿಡಿದಿದ್ದೆ.

ಅವನು ಹೊಸಿಲಲ್ಲಿ ನಿಂತು ನನ್ನನ್ನೇ ನೋಡಿದ. ಧ್ವನಿ ಏರಿಸುವ ಮನುಷ್ಯ ಅಲ್ಲ ಅವನು.

"ನಿನಗೆ ಭಯ ಅಲ್ವಾ, ಸೆಯಿಪಾತಿ?"

"ನನಗ್ಯಾಕೆ ಭಯ?"

"ಅವಳು ಸಾಯ್ತಿದಾಳೆ. ಸಾಯೋಳು ನಿನ್ನ ಮಗಳನ್ನ ಕಿತ್ಕೊಂಡು ಎಲ್ಲಿಗೆ ಹೋಗ್ತಾಳೆ?"

"ಕಿತ್ಕೊಳ್ಳೋದು ಬೇಡ. ಒಂದು ಸಲ ಅಪ್ಪಿಕೊಂಡು ಅತ್ತರೆ ಸಾಕು. ಮಾಪುಲಾ ದಡ್ಡಿ ಅಲ್ಲ. ಯಾಕೆ ಅತ್ತರು ಅಂತ ಕೇಳ್ತಾಳೆ. ಆಗ ನೀನು ಹೇಳ್ತೀಯಾ?"

"ಹೇಳ್ತೀನಿ."

"ನಾಳೆ," ಅಂದೆ. "ನಾಳೆ ಖಂಡಿತ. ಒಂದು ದಿನ ಕೊಡು ನನಗೆ. ನಾಳೆ ನಾನೇ ಎಲ್ಲರಿಗಿಂತ ಮೊದಲು ಕಾರಲ್ಲಿ ಕೂತಿರ್ತೀನಿ."

"ಇವತ್ತು ಬರಲ್ಲ ಅಂತ ನಾನು ಫೋನ್ ಮಾಡಲ್ಲ. ನನಗೆ ಬಾಯಿಲ್ಲ. ನೀನೇ ಮಾಡು."

ನಾನು ಮಾಡಲಿಲ್ಲ. ಹೋಟೆಲಿನ ಹುಲ್ಲಿನ ಮೇಲೆ ಕಾಡುಹಂದಿಗಳು ಮಂಡಿಯೂರಿ ಮೇಯುತ್ತಿದ್ದವು. ಮಕ್ಕಳಿಗೆ ಅದನ್ನು ತೋರಿಸುತ್ತ ಫೋನಿರುವ ಮೇಜಿನ ಮುಂದೆಯೇ ಎರಡು ಸಲ ಹಾದುಹೋದೆ. ಮಧ್ಯಾಹ್ನ ರೈಲು ಹತ್ತಿದೆವು. ಮೊದೀಸೆ ಬರಲಿಲ್ಲ, ತಲೆನೋವು ಅಂದ.

ಗುರುವಾರ ಹೇಳಿದ ಮಾತಿನಂತೆ ನಾನೇ ಮೊದಲು ಕಾರಲ್ಲಿ ಕೂತೆ. ಡಾಂಬರು ಬಿಟ್ಟು ಮರಳು ದಾರಿಗೆ ಇಳಿದ ಮೇಲೆ ಒಂದು ಗಂಟೆ ಹಿಡಿಯಿತು. ಹಳ್ಳಿಯ ಮೊದಲ ಗುಡಿಸಲುಗಳು ಕಾಣುತ್ತಿದ್ದಂತೆ ಮೊದೀಸೆ ಕಾರು ನಿಧಾನ ಮಾಡಿದ. ದನದ ದೊಡ್ಡಿಯ ಆಚೆ ಐದಾರು ಗಂಡಸರು ಗುದ್ದಲಿ ಹಿಡಿದು ನೆಲ ಅಗೆಯುತ್ತಿದ್ದರು. ಮೊದೀಸೆ ಬ್ರೇಕ್ ಹಾಕಿದ. "ದೇವರೇ" ಅಂದ.

ಥಂಡೆಕಿಲೆ ಹಿಂದಿನ ದಿನ ಮಧ್ಯಾಹ್ನ ಮೂರು ಗಂಟೆಗೆ ಹೋಗಿದ್ದಳು.

ಅಂಗಳದಲ್ಲಿ ಹೆಂಗಸರು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ಅವಳ ತಾಯಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಹಿಂದೆ ಅವಳೂ ಗಡಿ ದಾಟಿ ಮನೆಗೆಲಸಕ್ಕೆ ಬರುತ್ತಿದ್ದವಳು, ನಮ್ಮ ಭಾಷೆ ಚೆನ್ನಾಗಿ ಬರುತ್ತಿತ್ತು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಆಗುತ್ತಿತ್ತು. ಅವಳು ನನ್ನನ್ನು ಚಾಪೆಯ ಮೇಲೆ ಕೂರಿಸಿ, ನಾಲ್ಕು ದಿನದ ಕಥೆ ಹೇಳಿದಳು.

"ಶನಿವಾರ ಫೋನ್ ಬಂತಲ್ಲ ಮ್ಮಾ, ಅವತ್ತಿಂದ ಅವಳಿಗೆ ಜೀವ ಬಂದಂಗಾಯ್ತು. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿಸಿ ಅಂದ್ಲು. ನೀವು ಹಿಂದೆ ಕೊಟ್ಟಿದ್ರಲ್ಲ ನೀಲಿ ಫ್ರಾಕು, ಅದನ್ನ ಹಾಕಿಸ್ಕೊಂಡ್ಲು. ಹೊರಗೆ ಎತ್ಕೊಂಡು ಬಂದು ಆ ಮರದ ಕೆಳಗೆ ಕೂರಿಸಿದ್ವಿ. ರಸ್ತೆ ಕಾಣ್ಬೇಕು ಅಂತ. ಮಂಗಳವಾರನೂ ಹಂಗೇ. ಬುಧವಾರ ಸ್ನಾನ ಬೇಡ ಕಣೇ, ನೋವಾಗುತ್ತೆ ಅಂದೆ. ಕೇಳ್ಲಿಲ್ಲ. ವಾಸನೆ ಬರ್ತೀನಿ, ಮಗು ಹತ್ರ ಬರಲ್ಲ, ಮಾಡಿಸು ಅಂದ್ಲು." ಅವಳು ಉಸಿರು ಎಳೆದುಕೊಂಡಳು. "ದಾರಿ ಕೆಟ್ಟಿತ್ತಾ ಮ್ಮಾ? ಕಾರಿಗೇನಾದ್ರೂ ಆಗಿತ್ತಾ?"

"ಹೌದು," ಅಂದೆ. "ಕಾರು ಕೆಟ್ಟಿತ್ತು."

ಮಾಪುಲಾ ನನ್ನ ಬೆನ್ನಿಗೆ ಒರಗಿ ನಿಂತಿದ್ದಳು. ಅವಳಿಗೆ ಹಿರಿಯರ ಮಾತನ್ನು ತಿದ್ದಬಾರದು ಅಂತ ನಾನೇ ಕಲಿಸಿದ್ದೆ, ಸುಳ್ಳು ಹೇಳಬಾರದು ಅಂತಲೂ ಕಲಿಸಿದ್ದೆ.

"ಇಲ್ಲಮ್ಮ, ಕಾರು ಚೆನ್ನಾಗಿತ್ತು," ಅಂದಳು. ಮುದುಕಿಯ ಕಡೆ ತಿರುಗಿ, ಯಾರಾದರೂ ಕೇಳಲಿ ಅಂತಲೇ ಕಾದಿದ್ದವಳ ಹಾಗೆ ಶುರು ಮಾಡಿದಳು. "ಅಜ್ಜಿ, ನಾವು ಜಲಪಾತ ನೋಡಿದ್ವಿ. ಸೋಮವಾರ ದೋಣೀಲಿ ಹೋದ್ವಿ, ನೀರಾನೆ ಆಕಳಿಸ್ತು. ಆಮೇಲೆ ಮೊಸಳೆ ಮರಿ, ನಾನು ಕೈಯಲ್ಲಿ ಹಿಡ್ಕೊಂಡೆ, ಪಾಕೊ ಹೆದರ್ಕೊಂಡ. ನಿನ್ನೆ ರೈಲು. ಹೊಗೆ ಬರುತ್ತಲ್ಲ ಆ ರೈಲು. ಐಸ್‌ಕ್ರೀಮ್ ಕೊಟ್ರು."

ಚಾಪೆಯ ಮೇಲಿದ್ದವರಲ್ಲಿ ನಮ್ಮ ಭಾಷೆ ತಿಳಿದ ಇನ್ನೊಬ್ಬಳು ಪಕ್ಕದವಳಿಗೆ ತಗ್ಗಿದ ಧ್ವನಿಯಲ್ಲಿ ಹೇಳಿದಳು. ಅವಳು ಅದರಾಚೆಯವಳಿಗೆ. ಮಾತು ಅಂಗಳ ಸುತ್ತುವುದನ್ನು ನಾನು ಕಣ್ಣಾರೆ ಕಂಡೆ. ಮೊದೀಸೆ ಗಂಡಸರ ನಡುವೆ ಟೋಪಿ ಕೈಯಲ್ಲಿ ಹಿಡಿದು ನೆಲ ನೋಡುತ್ತ ನಿಂತಿದ್ದ.

ಮುದುಕಿ ನನ್ನ ಕೈ ಬಿಟ್ಟಳು. ಮಾಪುಲಾಳ ಗಲ್ಲ ಹಿಡಿದು ಬಹಳ ಹೊತ್ತು ನೋಡಿದಳು.

"ಹೌದಾ ಕಂದಾ? ದೊಡ್ಡದಿತ್ತಾ ಮೊಸಳೆ?"

"ಇಷ್ಟೇ ಇಷ್ಟು," ಅಂತ ಮಾಪುಲಾ ಕೈಯಗಲಿಸಿ ತೋರಿಸಿದಳು.

ಮಣ್ಣು ಮಾಡುವ ಮೊದಲು ಮುದುಕಿ ನನ್ನನ್ನು ಗೋಡೆಯ ಮರೆಗೆ ಕರೆದಳು. "ಹುಡುಗಿ ಕೈಲಿ ಒಂದು ಹಿಡಿ ಮಣ್ಣು ಹಾಕಿಸ್ಬೇಕು. ಯಾಕೆ ಅಂತ ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು. ನಾನು ಬಾಯಿ ಬಿಡಲ್ಲ. ಅವಳು ಸಾಯೋವಾಗ ಆಣೆ ಮಾಡಿಸ್ಕೊಂಡಿದಾಳೆ, ನಮ್ಮೆಲ್ಲರ ಹತ್ರಾನೂ." ಆ ಊರಿನಲ್ಲಿ ಯಾರೂ, ಒಬ್ಬಳೂ, ಬಾಯಿ ತಪ್ಪುವವಳಿರಲಿಲ್ಲ. ನಾನು ಹೆದರಿದ್ದು ಇಂಥವರಿಗೆ.

ಮಾಪುಲಾ ಮಣ್ಣು ಹಾಕಿದಳು. ಎಲ್ಲರೂ ಹಾಡುತ್ತಿದ್ದರಿಂದ ಅವಳೂ ಪದ ತಿಳಿಯದೆ ತುಟಿ ಆಡಿಸಿದಳು. ಆಮೇಲೆ ಕೈಯನ್ನು ಫ್ರಾಕಿಗೆ ಒರೆಸಿಕೊಂಡು, "ಪಾಪ ಆ ಆಂಟಿ" ಅಂದಳು. ನಮಗೂ ಮುದ್ದೆ, ಸೊಪ್ಪು ಬಡಿಸಿದರು. ನನ್ನ ತಟ್ಟೆಯನ್ನು ಮುದುಕಿಯೇ ತಂದು ಮುಂದಿಟ್ಟಳು, ಮುಖ ನೋಡಲಿಲ್ಲ. ಉಂಡೆ. ಉಣ್ಣದೆ ಏಳುವ ಧೈರ್ಯವೂ ಇರಲಿಲ್ಲ.

ಊರಿಗೆ ವಾಪಸಾದ ಎರಡು ತಿಂಗಳಿಗೆ ಮಾಪುಲಾಗೆ ಹೇಳಿದೆವು. ಹೇಳದೆ ಮೊದೀಸೆ ನನ್ನ ಜೊತೆ ಒಂದು ಮೇಜಿನಲ್ಲಿ ಕೂರುವ ಹಾಗಿರಲಿಲ್ಲ. ಅವಳು ಅಳುತ್ತಾಳೆ, ಕಿರುಚುತ್ತಾಳೆ ಅಂತ ಕಾದೆ. ಬೆರಳು ಮಡಚುತ್ತ ದಿನ ಎಣಿಸಿದಳು.

"ಸೋಮವಾರಾನೇ ಹೋಗ್ಬಹುದಿತ್ತಾ?"

"ಹೋಗ್ಬಹುದಿತ್ತು."

"ಹೋಗಿದ್ರೆ ನೋಡ್ತಿದ್ನಾ?"

"ನೋಡ್ತಿದ್ದೆ."

"ದೋಣಿ ನಾನು ಕೇಳಿರ್ಲಿಲ್ಲ," ಅಂದಳು. ಎದ್ದು ಪಾಕೊ ಜೊತೆ ಆಡಲು ಹೊರಗೆ ಹೋದಳು.

ಈಗ ಅವಳಿಗೆ ಹದಿನೈದು. ನನ್ನನ್ನು ಅಮ್ಮ ಅಂತಲೇ ಕರೆಯುತ್ತಾಳೆ. ಎದುರು ಮಾತಾಡುವುದಿಲ್ಲ, ಜ್ವರ ಬಂದರೆ ನನ್ನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾಳೆ. ಪ್ರತಿ ರಜೆಗೆ ಅಜ್ಜಿಯ ಹಳ್ಳಿಗೆ ಹೋಗುತ್ತಾಳೆ. ಮೊದಲೆಲ್ಲ ಮೊದೀಸೆ ಬಿಟ್ಟು ಬರುತ್ತಿದ್ದ, ಈಗ ಒಬ್ಬಳೇ ಬಸ್ಸಲ್ಲಿ. ಅಲ್ಲಿ ಅವರ ಮಾತು ಕಲಿತಿದ್ದಾಳೆ. ಫೋನಿನಲ್ಲಿ ಅಜ್ಜಿಯ ಜೊತೆ ಆ ಭಾಷೆಯಲ್ಲಿ ನಗುವಾಗ ನಾನು ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಮಾಡದೆ ನಿಲ್ಲುತ್ತೇನೆ.

ಹೋದ ಆಗಸ್ಟ್‌ನಲ್ಲಿ ಅವಳ ಬಟ್ಟೆ ಮಡಚಿ ಚೀಲಕ್ಕೆ ಹಾಕುತ್ತ, "ಈ ಸಲ ನಾನೂ ಬರ್ಲಾ?" ಅಂತ ಕೇಳಿದೆ.

"ಬೇಡಮ್ಮಾ," ಅಂದಳು. "ನೀನು ಬಂದ್ರೆ ಅಜ್ಜಿ ಸುಮ್ನಿರಲ್ಲ. ಕೋಳಿ ಕೊಯ್ಬೇಕು, ಒಳಗಿನ ಹಾಸಿಗೆ ಬಿಟ್ಟುಕೊಡ್ಬೇಕು. ವಯಸ್ಸಾಗಿದೆ ಅವಳಿಗೆ, ಯಾಕೆ ತೊಂದ್ರೆ."

ತುಂಬ ಮೆತ್ತಗೆ ಹೇಳಿದಳು. ಬೆಳಿಗ್ಗೆ ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಅವಳು ಕಿಟಕಿಯ ಪಕ್ಕ ಕೂತಳು. ಪಕ್ಕದ ಹೆಂಗಸು ಏನೋ ಕೇಳಿದಳು, ಮಾಪುಲಾ ಅವಳದೇ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದಳು. ಬಸ್ಸು ಹೊರಟಾಗಲೂ ಮಾತು ಮುಗಿದಿರಲಿಲ್ಲ.